ಮಂಚದಿಂದ ಕಂಡ ಛಾವಣಿ

ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ತೊಯ್ದರೆ ಬಿಚ್ಚಿ ಹೊಸದು ಹಾಕಬೇಕು, ಮತ್ತೆ ಮೊದಲಿನಿಂದ ಮಲಗಬೇಕು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು.

ಧಾರವಾಡದ ನಮ್ಮ ಮನೆಗೆ ಮಂಗಳೂರು ಹಂಚು. ಮಂಗಗಳು ಒಡೆದದ್ದನ್ನು ಬದಲಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಆ ಸಲ ಮಳೆಗೆ ಮೊದಲೇ ಹಂಚಿನ ಕೆಳಗೆ ಡಾಂಬರಿನ ಹಾಳೆ ಹಾಸಿಸಲು ಹತ್ತಿರದ ಸುಳ್ಳ ಊರಿನ ಗೌಂಡಿಯನ್ನು ಕರೆಸಿದೆ. ಹಂಚಿನ ಸಂದಿಯಲ್ಲಿ ನುಸುಳಿದ ನೀರನ್ನು ಹಿಡಿದು ಸೂರಿನಾಚೆ ಬಿಡುವುದಷ್ಟೇ ಆ ಹಾಳೆಯ ಕೆಲಸ.

ಗೌಂಡಿ ಕೆಳಗಿನ ಸೂರಿನಂಚಿನಿಂದ ಮೇಲಕ್ಕೆ ಹಾಸುತ್ತೇನೆಂದ. ಮೋಡ ಕಟ್ಟಿತ್ತು, ಮೊದಲು ನೆತ್ತಿ ಮುಚ್ಚು ಎಂದೆ. ಇಷ್ಟು ವರ್ಷ ಗಣಿತ ಕಲಿಸಿದವನು ಇವನಿಂದ ಕಲಿಯಬೇಕೇ ಎಂಬ ಉರಿ ಬೇರೆ. ನಿಮ್ಮ ಮನಿ, ನೀವು ಹೇಳಿದ್ಹಂಗ ಎಂದು ಅವನು ಮೇಲಿನಿಂದಲೇ ಶುರುಮಾಡಿದ. ಜೋಲು ಬಿಟ್ಟರೆ ಅಸಹ್ಯವೆಂದು ತಬಲಾದ ಚರ್ಮದಂತೆ ಬಿಗಿಯಾಗಿ ಎಳೆಸಿದೆ.

ಮರುದಿನ ಹೆಂಡತಿ ಕರೆದಳು. ದಿನವಿಡೀ ಅವಳಿಗೆ ಛಾವಣಿ ನೋಡುವುದೊಂದೇ ಕೆಲಸ.

“ಮ್ಯಾಲಿನ ಹಾಳಿ ತುದಿ ಕೆಳಗಿನದರ ಒಳಗ ಐತಿ ನೋಡ್ರಿ. ನೀರು ಇಳಕೋತ ಬಂದ್ರ ಸೀದಾ ನನ್ನ ಕಾಲಮ್ಯಾಲ ಬೀಳತೈತಿ. ಮಂಚನಾದ್ರೂ ಸರಸ್ರಿ.”

ಸರಿಸಿದರೆ ನಾನು ಸೋತಂತೆ. ಕಾಲು ಮುರಿದವರು ಸುಮ್ಮನೆ ಮಲಗಬೇಕು ಎಂದು ಗದರಿ, ಸಂತೆಗೆ ಹೊರಟೆ.

ಮಳೆ ಸಂತೆಯಲ್ಲೇ ಹಿಡಿಯಿತು. ಮನೆಗೆ ಬಂದಾಗ ಅವಳು ಊಟದ ಗಂಗಾಳವನ್ನು ಎರಡೂ ಕೈಯಿಂದ ಕಾಲಮೇಲೆ ಹಿಡಿದುಕೊಂಡಿದ್ದಳು. ಗಂಗಾಳ ತುಂಬಿ ಚೆಲ್ಲುತ್ತಿತ್ತು, ಪ್ಲಾಸ್ಟರ್ ಮೆತ್ತಗಾಗಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಹೊಸ ಪ್ಲಾಸ್ಟರ್ ಬಿತ್ತು. ಆರು ವಾರ ಮತ್ತೆ ಒಂದರಿಂದ ಶುರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗೌಂಡಿ ಎಲ್ಲ ಬಿಚ್ಚಿ ಸೂರಿನಿಂದ ಹಾಸಿದ. ಮೇಲಿನದು ಕೆಳಗಿನದರ ಮೇಲೆ ಗೇಣುದ್ದ ಬರುವಂತೆ, ನೀರು ಹರಿದುಹೋಗಲು ಜಂತಿಗಳ ನಡುವೆ ತುಸು ಸಡಿಲ ಬಿಟ್ಟು, ಕೆಳತುದಿ ಸೂರಿನ ನೀರು ಸಾಗಿಸುವ ದೋಣಿಯೊಳಗೆ ಇಳಿಯುವಂತೆ. ಪ್ರತಿ ಹಾಳೆಗೂ ನನ್ನನ್ನು ಬಿಟ್ಟು ಅವಳನ್ನೇ ಕೇಳಿದ: “ಬರೋಬರಿ ಐತೇನ್ರಿ, ಅವ್ವಾರ?”

ಮುಂದಿನ ವಾರ ದೊಡ್ಡ ಮಳೆ ಬಂತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ನೋಡು, ಸೋರುತ್ತಿಲ್ಲ ಎಂದೆ. ಅವಳು ಹೂಂ ಎಂದಳು. ಕಾಲಮೇಲೆ ಹಿಡಿದಿದ್ದ ಗಂಗಾಳವನ್ನು ಮಳೆ ನಿಲ್ಲುವವರೆಗೂ ಕೆಳಗಿಡಲಿಲ್ಲ.