ಹೊಳ್ಳಿ ನೋಡಬ್ಯಾಡ ಎಂದ ಮುತ್ಯಾ

ಮುತ್ಯಾನ ಎಡಗಿವಿಯ ಅಂಚಿನಲ್ಲಿ ಹುಣಸೆಬೀಜದಷ್ಟು ತುಂಡು ಇರಲಿಲ್ಲ. ತೋಳ ಕಚ್ಚಿದ್ದು ಎಂದು ನಾನು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಹಾಗೆಂದು ಅವನೇ ಹೇಳಿದ್ದನೋ, ನಾನು ಕಟ್ಟಿಕೊಂಡೆನೋ ಈಗ ತಿಳಿಯದು. ನಾನು ಡೈರಿ ಬರೆಯಲು ಶುರುಮಾಡಿದ್ದು ಧಾರವಾಡಕ್ಕೆ ಓದಲು ಹೋದ ಮೇಲೆ. ಇಲ್ಲಿ ಹೇಳುವುದು ಅದಕ್ಕೂ ಹಿಂದಿನದು. ಆಗ ನಮ್ಮ ಸೀಮೆ ಮುಂಬೈ ರಾಜ್ಯದಲ್ಲಿತ್ತು, ನನಗೆ ಒಂಬತ್ತು ವರ್ಷ. ಕೆಲವು ವಿವರ ತಪ್ಪಿರಬಹುದು. ಅದು ಬಲಗಿವಿಯೇ ಇದ್ದೀತು.

ಅವನು ನಮ್ಮ ನೆಂಟನಲ್ಲ. ರನ್ನ ಬೆಳಗಲಿಯಲ್ಲಿ ನನ್ನ ಅಜ್ಜನ ಹೊಲದ ಆಚೆಗೆ ಅವನ ಕುರಿದೊಡ್ಡಿ ಇತ್ತು. ಊರೆಲ್ಲ ಅವನನ್ನು ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿತ್ತು. ಹಣೆಯ ಮೇಲೆ ಬೀರೇಶ್ವರನ ಭಂಡಾರದ ಅರಿಶಿನ, ಸುಡುವ ಬೇಸಿಗೆಯಲ್ಲೂ ಹೆಗಲ ಮೇಲೆ ಕರಿಯ ಕಂಬಳಿ. ಕುರಿಗಳ ಜೊತೆಗೆ ಅವನು ಉದ್ದ ಮೂತಿಯ, ಸಣಕಲು ಮೈಯ ಬೇಟೆನಾಯಿಗಳನ್ನೂ ಸಾಕಿದ್ದ. ಬೆಳಿಗ್ಗೆ ನಾಯಿಗಳು ನೀರು ಕುಡಿಯುವತನಕ ತಾನು ಬಾಯಿ ಮುಕ್ಕಳಿಸುತ್ತಿರಲಿಲ್ಲ. ಅವಕ್ಕೆ ಕೈ ಎತ್ತಿದ್ದನ್ನು, ದನಿ ಎತ್ತಿದ್ದನ್ನು ನಾನು ಕಾಣೆ.

ನಾಯಿಮರಿ ಕೊಡುವುದರಲ್ಲಿ ಅವನದೇ ಒಂದು ಪದ್ಧತಿ. ಕೇಳಿದವರು ನಾಲ್ಕು ದಿನವಾದರೂ ದೊಡ್ಡಿಗೆ ಬಂದು ಮರಿಗೆ ನೀರಿಡಬೇಕು. ಆಮೇಲೆ ಬರಿಗೈಯಲ್ಲಿ ಹೊರಟುಹೋಗಬೇಕು. ಎತ್ತಿಕೊಳ್ಳುವಂತಿಲ್ಲ, ಕರೆಯುವಂತಿಲ್ಲ, ಹಿಂದಿರುಗಿ ನೋಡುವಂತಿಲ್ಲ. ಮರಿ ತಾನಾಗಿ ಹಿಂದೆ ನಡೆದು ಬಂದರೆ ಅವರದು, ಬರದಿದ್ದರೆ ಇಲ್ಲ. ಒಮ್ಮೆ ವಿಜಾಪುರದಿಂದ ಯಾರೋ ಸಾಹೇಬರು ಜೀಪಿನಲ್ಲಿ ಬಂದಿದ್ದರು. ಮರಿ ಅವರ ಹಿಂದೆ ಜೀಪಿನತನಕ ಹೋಗಿ, ಗಾಲಿ ಮೂಸಿ, ಹೊಳ್ಳಿ ಬಂತು. ಮುತ್ಯಾ ಕೊಡಲಿಲ್ಲ. ಸಾಹೇಬರ ಜವಾನನಿಗೆ ಸಿಟ್ಟು ಬಂತು.

"ಏ ಮುದುಕಾ, ಸಾಹೇಬ್ರು ಹೇಳೂದು ನಿನಗ ತಿಳೀತೈತೋ ಇಲ್ಲೋ?"

"ನನಗ ತಿಳೀತ್ರಿ. ಮರಿಗಿ ತಿಳೀವಲ್ದು."

ನಾನು ಅಲ್ಲೇ ನಿಂತಿದ್ದೆ ಎಂದು ನನ್ನ ನೆನಪು. ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಅದನ್ನು ಒಪ್ಪುವುದಿಲ್ಲ. "ನೀ ಆಗ ತೊಟ್ಟಿಲದಾಗಿದ್ದಿ" ಎನ್ನುತ್ತಾಳೆ.

ಅಪ್ಪ ಬೀಳಗಿಯಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಬೇಸಿಗೆ ಸೂಟಿಗೆ ನಮ್ಮನ್ನು ಅಜ್ಜನ ಊರಲ್ಲಿ ಬಿಡುವಾಗ ನಾನು ನಾಯಿಮರಿ ಬೇಕೆಂದು ಹಟ ಹಿಡಿದೆ. "ಮುತ್ಯಾ ಕೊಟ್ಟರ ತಗೊಂಬಾ" ಎಂದು ನಕ್ಕ. ಕೊಡುವುದಿಲ್ಲವೆಂಬ ಧೈರ್ಯ ಅವನಿಗೆ.

ಸೂಟಿಯುದ್ದಕ್ಕೂ ನಾನು ದೊಡ್ಡಿಗೆ ಹೋದೆ. ಕೆಂಚು ಬಣ್ಣದ ಒಂದು ಹೆಣ್ಣುಮರಿ ನನ್ನ ಕೈಯಿಂದ ನೀರು ಕುಡಿಯತೊಡಗಿತು. ಕೆಂಚಿ ಎಂದು ಹೆಸರಿಟ್ಟೆ. ನಾನು ಮನೆಗೆ ಹೊರಟಾಗೆಲ್ಲ ಹಿಂದೆ ಓಡಿ ಬರುತ್ತಿತ್ತು, ಆದರೆ ನಡುವಿನ ಕಾಲುವೆಯವರೆಗೆ ಮಾತ್ರ. ಬಾವಿಯಿಂದ ಅಜ್ಜನ ಕಬ್ಬಿಗೆ ನೀರು ಹರಿಯುವ ಕಾಲುವೆ ಅದು. ನನಗೆ ಮೊಣಕಾಲುದ್ದ, ಅದಕ್ಕೆ ಸಮುದ್ರ. ದಂಡೆಯಲ್ಲಿ ಕೂತು ಕುಂಯ್‌ಗುಡುತ್ತಿತ್ತು. ನೀರಿಗೆ ಕಾಲಿಡುತ್ತಿರಲಿಲ್ಲ.

"ಮುತ್ಯಾ, ಕಾಲುವಿ ಒಂದು ಎತ್ತಿ ದಾಟಸಲೇನು?" ಎಂದು ಕೇಳಿದ್ದೆ.

"ಎತ್ತಿದಿ ಅಂದ್ರ ನೀ ಒಯ್ದಂಗಾತು ತಂಗಿ. ಅದು ಬಂದಂಗ ಆಗೂದಿಲ್ಲ."

ಮರುದಿನ ಬೀಳಗಿಗೆ ಬಸ್ಸು ಹಿಡಿಯಬೇಕು ಎನ್ನುವ ದಿನ ಬಂತು. ಚಿಗವ್ವ ಜೊತೆಗೆ ದೊಡ್ಡಿಗೆ ಬಂದಿದ್ದಳು. ಆಗಿನ್ನೂ ಅವಳ ಮದುವೆಯಾಗಿರಲಿಲ್ಲ. ಮುತ್ಯಾ ನನ್ನ ಮುಷ್ಟಿ ಬಿಚ್ಚಿಸಿ ನೋಡಿದ. ಬೆಲ್ಲದ ಚೂರಿತ್ತು.

"ಬೆಲ್ಲಾ ನೀ ತಿನ್ನು. ಅದು ಬೆಲ್ಲದ ಬೆನ್ನ ಹತ್ತಿ ಬರೂದು ಬ್ಯಾಡ."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಇಲ್ಲೇ ಇರತೈತಿ. ಮುಂದಿನ ಸೂಟ್ಯಾಗ ನೀ ಬಾ. ನಡಿ, ಹೊಳ್ಳಿ ನೋಡಬ್ಯಾಡ."

ಚಿಗವ್ವ ಕಣ್ಣು ಹೊಡೆದು, "ನಡೀ ಬೇ, ಸಾಹೇಬ್ರ ಗತಿ ಆದೀತು ನಿಂದೂ" ಎಂದಳು.

ನಾನು ನಡೆದೆ, ಅವರಿಬ್ಬರೂ ಹಿಂದೆ ಉಳಿದರು. ಕಾಲುವೆ ಇಳಿದಾಗ ನೀರು ತಣ್ಣಗಿತ್ತು, ಲಂಗದ ಅಂಚು ತೊಯ್ಯಿತು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಹಿಂದೆ ಕುಂಯ್‌ಗುಡುವುದು ಕೇಳಿಸಿತು. ಕುತ್ತಿಗೆ ತಿರುಗದಿರಲೆಂದು ಎರಡೂ ಜಡೆ ಮುಂದಕ್ಕೆ ಎಳೆದು ಹಿಡಿದುಕೊಂಡೆ. ಆಮೇಲೆ ದನಿ ನಿಂತಿತು. ಹೊಳ್ಳಿ ಹೋಯಿತು ಎಂದುಕೊಂಡೆ. ಅಳುತ್ತಲೇ ಕಬ್ಬಿನ ಬದುವಿನ ಮೇಲೆ ನಡೆದು, ಅಜ್ಜನ ಮನೆಯ ಹೊಸ್ತಿಲು ಮುಟ್ಟಿ ತಿರುಗಿದರೆ ಕೆಂಚಿ ಬಾಲ ಅಲ್ಲಾಡಿಸುತ್ತ ನಿಂತಿತ್ತು.

ಅಜ್ಜಿ ಅದನ್ನು ಒರೆಸಲು ಅರಿವೆ ತಂದಳು. ಮೈ ಮುಟ್ಟಿ, ಕಾಲು ಮುಟ್ಟಿ, "ಎಲ್ಲಾ ಒಣಗೇ ಐತಲ್ಲ! ಇಷ್ಟ ಸಣ್ಣದು ಕಾಲುವಿ ಹಾರಿತೇನು?" ಎಂದಳು. ನಾನು ಕುಣಿಯುತ್ತಿದ್ದೆ. ಆ ಮಾತು ಕಿವಿಗೆ ಬಿತ್ತು, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಚಿಗವ್ವ ಒಬ್ಬಳೇ ಬಂದಳು.

ದಸರೆಯ ಹೊತ್ತಿಗೆ ಮುತ್ಯಾ ಬೀಳಗಿಗೆ ಬಂದ. ಬಸ್ಸು ಹತ್ತಿದ್ದು ಅದೇ ಮೊದಲಂತೆ. ಒಳಗೆ ಬರಲೊಲ್ಲದೆ ಕಟ್ಟೆಯ ಮೇಲೆ ಕೂತ. ಕೆಂಚಿ ಅವನ ಕಂಬಳಿ ಮೂಸಿ, ಕೈ ನೆಕ್ಕಿ, ಬಂದು ನನ್ನ ಕಾಲ ಹತ್ತಿರ ಮಲಗಿತು. ಅವನ ಮುಖ ಅರಳಿತು. ಸಾಕಿದವನಿಗೆ ಅದು ನೋವಾಗಬೇಕಿತ್ತಲ್ಲ ಎಂದು ಈಗ ಯೋಚಿಸುತ್ತೇನೆ. ಅವನು ಬಸಿಯಲ್ಲಿ ಚಹಾ ಹೀರಿ, "ಆತು. ಛಲೋ ಮನಿ ಹಿಡದೈತಿ" ಎಂದು ಎದ್ದ.

ಮರಿಯ ಕಾಲು ಒಣಗಿದ್ದದ್ದು ಹೇಗೆಂದು ಅವತ್ತು ಅವನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಮರಿಯನ್ನು ಯಾರೋ ಎತ್ತಿ ದಾಟಿಸಿದ್ದಾರೆ ಎಂದಾದರೆ ಅವನ ಪದ್ಧತಿಯ ಪ್ರಕಾರ ಅದು ನನ್ನದಲ್ಲ. ಅವನು ಆ ಬಸ್ಸಿಗೇ ಅದನ್ನು ವಾಪಸು ಒಯ್ದಾನು ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಕೆಂಚಿ ಹನ್ನೊಂದು ವರ್ಷ ನಮ್ಮ ಜೊತೆ ಬಾಳಿತು. ಮುತ್ಯಾ ಅದಕ್ಕಿಂತ ಮೊದಲೇ ಹೋದ. ಧಾರವಾಡಕ್ಕೆ ಬಂದ ಅಪ್ಪನ ಕಾಗದದಲ್ಲಿ, ಮನೆಯ ಸುದ್ದಿಯೆಲ್ಲ ಮುಗಿದ ಮೇಲೆ, ಒಂದು ಸಾಲಿನಲ್ಲಿ ಅದಿತ್ತು.

ಸಾಹೇಬರ ಜೀಪಿಗೆ ಬಗ್ಗದವನು ಒಂಬತ್ತು ವರ್ಷದ ಹುಡುಗಿಯ ಅಳುವಿಗೆ ಬಗ್ಗಿದನೇ? ಬಗ್ಗಿದ್ದರೆ ನನ್ನ ಕಣ್ಣಲ್ಲಿ ಅವನು ಇನ್ನೂ ದೊಡ್ಡವನು. ಅಥವಾ ಅವನ ಕಣ್ಣು ತಪ್ಪಿಸಿ ಚಿಗವ್ವನೇ ದಾಟಿಸಿದಳೇ? ಹಾಗಿದ್ದರೆ ಆ ಕಟ್ಟೆಯ ಮೇಲೆ ಅವನು ಅಷ್ಟು ಸಂತೋಷಪಟ್ಟದ್ದು ನಮ್ಮಿಬ್ಬರ ಮೋಸಕ್ಕೆ. ಅಥವಾ ನೀರೇ ಆ ಹೊತ್ತಿಗೆ ಕಡಿಮೆಯಾಗಿತ್ತೇ?

ಹೋದ ತಿಂಗಳು ಬನಹಟ್ಟಿಗೆ ಹೋಗಿದ್ದೆ. ಚಿಗವ್ವನ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಮಾತು ಕೇಳುವುದೇ ಕಷ್ಟ. ಮಗ್ಗ ನಿಲ್ಲಿಸುವವರೆಗೂ ಕಾದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಮೊದ್ಲ ಚಾ ಕುಡಿ, ಆರಾಕತ್ತೈತಿ" ಎಂದಳು. ಕುಡಿದೆ. ಅವಳು ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಊರಿಗೆ ಬಂದ ಮೇಲೆ ಕಾಗದ ಬರೆದು ಅದನ್ನೇ ಮತ್ತೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ:

"ಚಿಗವ್ವಾ, ಖರೇ ಹೇಳು, ಅವತ್ತು ಕೆಂಚೀನ್ನ ಕಾಲುವಿ ದಾಟಿಸಿದವರು ಯಾರು?"