ಐನೂರು ಮಂದಿಗೆ ಎರಡು ಸಾವಿರ ಮಂದಿ ಹುಗ್ಗಿ

ಕುಷ್ಟಗಿಯೊಳಗ ಮದಿವಿ ಅಡಗಿ ಉಮಾಪತಿ ಗೊತ್ತಿಲ್ಲ ಅನ್ನಾವ ಒಂದೋ ಊರಿಗೆ ಹೊಸಬ, ಇಲ್ಲಾ ಹುಗ್ಗಿ ಉಣ್ಣದ ಪಾಪಿ. ನಲವತ್ತೈದರ ಆಳು, ಬಾಗಲಕ್ಕ ತಲಿ ಬಡಿಯುವಷ್ಟು ಎತ್ತರ. ಕೊಪ್ಪರಿಗಿ ಮುಂದ ನಿಂತು ಉದ್ದನ್ನ ಹುಟ್ಟು ಹಾಕಿ ತಿರುವಾಕ ಹತ್ತಿದ ಅಂದ್ರ ಗೋದಿ ಹುಗ್ಗಿ ವಾಸನಿ ಮೂರು ಓಣಿ ದಾಟತಿತ್ತು. ಹೆಂಡ್ತಿ ಕಸ್ತೂರೆಮ್ಮ ಅದೇ ತಂಡದಾಗ ರೊಟ್ಟಿ ಪಲ್ಯ ನೋಡಕೊಳ್ಳಾಕಿ. ಕೈ ಜೋರು, ಬಾಯಿ ಇನ್ನೂ ಜೋರು.

ಉಮಾಪತಿಗೆ ಜಡ್ಡು ಐತಿ ಅನ್ನೋದು ಊರಿಗೆ ಭಾಳ ವರ್ಷ ತಿಳೀಲಿಲ್ಲ. ಯಾಕಂದ್ರ ಜಡ್ಡು ಬಂದಾಗ ಅವ ಭಾಳ ಛಲೋ ಇರ್ತಿದ್ದ.

ಮೊದಲನೇ ಸಲ ಜಡ್ಡು ಏರಿದ್ದು ಲಗ್ನ ಆದ ನಾಕನೇ ವರ್ಷ. ಯಲಬುರ್ಗಾ ಕಡೆ ಒಂದು ಮದಿವಿ, ಮಂದಿ ಐನೂರು. ಉಮಾಪತಿ ಮೂರು ದಿನದಿಂದ ಕಣ್ಣು ಮುಚ್ಚಿಲ್ಲ, ದಣಿವು ಅನ್ನೋದೂ ಇಲ್ಲ. ಹಾಡಿದ್ದ ಹಾಡಿದ್ದು, ನಗಿಸಿದ್ದ ನಗಿಸಿದ್ದು. ಭಾಂಡೆ ಬಾಡಿಗಿ ಕೊಡೋ ದೋಸ್ತ ದಾದೇಸಾಬಗ ಫೋನ್ ಹಚ್ಚಿ, "ಇನ್ನೂ ಮೂರು ಕೊಪ್ಪರಿಗಿ ತಗೊಂಬಾರಲೇ" ಅಂದ.

"ಯಾಕೋ ಮಾರಾಯಾ, ಐನೂರು ಮಂದಿ ಅಲ್ಲೇನು?"

"ಇಡೀ ತಾಲೂಕು ಬರತೈತಿ. ನಾ ಕರದೀನಿ!"

ಕರದಿದ್ದು ಖರೇನ. ಹಾದ್ಯಾಗ ಕಂಡ ಬಸ್ ಡ್ರೈವರು, ಕುರಿ ಕಾಯಾವರು, ಸಾಲಿ ಮಾಸ್ತರು, ಯಾರನ್ನೂ ಬಿಟ್ಟಿರಲಿಲ್ಲ. ಐನೂರು ಮಂದಿಗೆ ಎರಡು ಸಾವಿರ ಮಂದಿ ಹುಗ್ಗಿ ಆತು. ಉಳಿದದ್ದನ್ನ ಟ್ರ್ಯಾಕ್ಟರಿಗೆ ಏರಿಸಿ ಹಳ್ಳಿ ಹಳ್ಳಿ ಹಂಚಿದ್ರು. ಹೆಣ್ಣಿನ ಅಪ್ಪ ತಲಿ ಮ್ಯಾಲ ಕೈ ಹೊತ್ತು ಕುಂತ. ಹುಗ್ಗಿ ಉಂಡ ಹಳ್ಳಿಯವರು ಮಾತ್ರ, "ಉಮಾಪತಿದು ರಾಜನ ಕೈ ನೋಡ್ರಿ!" ಅಂದ್ರು.

ಹದಿನೈದು ದಿನಕ್ಕ ರಾಜ ಕೌದಿ ಹೊತ್ತು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ಉಣ್ಣಂಗಿಲ್ಲ, ಮಾತಿಲ್ಲ, ಜಳಕ ಇಲ್ಲ. ತಿಂಗಳಗಟ್ಟಲೆ ಹಂಗ. ಏರಿದಾಗ ಖುಷಿಗೆ ಕುಡದ, ಇಳಿದಾಗ ನಿದ್ದಿಗೆ ಕುಡದ, ಎರಡೂ ಇಲ್ಲದಾಗ ಕೈ ನಡಗತಾವಂತ ಕುಡದ. ಕುಡಿಯಾಕ ಕಾರಣಕ್ಕ ಎಂದೂ ಬರ ಬರಲಿಲ್ಲ.

ಬರ ಬಂದ್ರೂ ನಮ್ಮ ಮಂದಿ ಬಿಡಬೇಕಲ್ಲ! ಒಲಿ ಹಚ್ಚೋಕಿಂತ ಮೊದಲ ಕಾಯಿ ಒಡೆದು, ಊದಿನಕಡ್ಡಿ ಬೆಳಗಿ, ಹಿರೇ ಅಡಗಿಯವಗ ಎಲಿ ಅಡಕಿ, ಟಾವೆಲ್ ಕೊಡತಾರ. ಕೆಲವು ಮನಿಯವರು ಆ ಟಾವೆಲಿನ್ಯಾಗ ಒಂದು ಬಾಟ್ಲಿ ಸುತ್ತಿರತಾರ. ಅದು ಮರ್ಯಾದಿ ಅಂತ. ಎಂಥಾ ಮರ್ಯಾದಿನೋ ಏನೋ, ಆ ಮರ್ಯಾದಿಯೊಳಗ ಒಬ್ಬ ಮನಷ್ಯಾ ಮುಳುಗಿ ಹೊಂಟಿದ್ದ.

ಕುಡಿತ ಬಿಡಿಸೋ ಶಿಬಿರಕ್ಕ ಒಂದು ಸಲ ಹೋಗಿ ಬಂದ. ಬಿಟ್ಟೂ ಬಿಟ್ಟ. ಮೂರನೇ ತಿಂಗಳಿಗೆ ಕಣ್ಣಾಗ ಹೊಳಪು, ನಡಿಗ್ಯಾಗ ಗತ್ತು, ಬಾಯಾಗ ಮಾತಿನ ಮಳಿ. "ಶೆರೆ ಬಿಟ್ಟ, ಹೆಂಗ ಹುರುಪಾಗ್ಯಾನ ನೋಡ್ರಿ" ಅಂತ ಓಣಿ ಓಣಿನೇ ಅಂತು. ಕಸ್ತೂರೆಮ್ಮನೂ ನಂಬಿ ಸಕ್ಕರಿ ಹಂಚಿದ್ಲು, ಪಾಪ. ಸಕ್ಕರಿ ಹಂಚಿದ ವಾರಕ್ಕ ಉಮಾಪತಿ ಗಿಣಿಗೇರಾಕ್ಕ ಹೋಗಿ, ಒಂದು ಫ್ಯಾಕ್ಟರಿ ಗೇಟಿನ ಮುಂದ ನಿಂತು, ಮೂರೂ ಪಾಳಿ ಕೆಲಸಗಾರರಿಗೆ ಇವತ್ತಿನಿಂದ ನಾನ ಉಣಸಾವ, ಗೇಟ್ ತಗೀರಿ ಅಂತ ವಾಚಮನ್ ಜೋಡಿ ಜಗಳಕ್ಕ ನಿಂತ. ದಾದೇಸಾಬ ಹೋಗಿ, ಪುಸಲಾಯಿಸಿ ಗಾಡ್ಯಾಗ ಕುಂದ್ರಿಸಿಕೊಂಡು, ಸೀದಾ ಕೊಪ್ಪಳದ ದವಾಖಾನಿಗೆ ಒಯ್ದ. ಕಸ್ತೂರೆಮ್ಮ ಬಸ್ ಹಿಡಿದು ಅಳಕೋತ ಬಂದ್ಲು.

ಅಲ್ಲಿ ಡಾಕ್ಟರ್ ಮುಬಾಶಿರಾ ಅಂತ. ವಯಸ್ಸು ಸಣ್ಣದು, ಮಾತು ಬಿಚ್ಚು. "ಅಮ್ಮಾರ, ಇವರಿಗೆ ಇರೋದು ಎರಡು ಜಡ್ಡು. ಮನಸ್ಸು ಏರೋದು ಇಳಿಯೋದು ಒಂದು, ಅದಕ್ಕ ಬೈಪೋಲಾರ್ ಅಂತೀವಿ. ಕುಡಿತ ಇನ್ನೊಂದು. ಒಂದಕ್ಕ ಔಷಧ ಕೊಟ್ಟು ಇನ್ನೊಂದನ್ನ ಬಿಟ್ರ, ಬಿಟ್ಟದ್ದು ಹೋಗಿ ಅದನ್ನೂ ಕರಕೊಂಡು ಬರತೈತಿ."

ಕಸ್ತೂರೆಮ್ಮ ಸೆರಗಿಲೆ ಕಣ್ಣು ಒರಿಸಿಕೊಂಡು, "ಅಂದ್ರ ನನಗ ಇಬ್ಬರು ಸವತ್ಯಾರು ಅನ್ರಿ" ಅಂದ್ಲು. ಡಾಕ್ಟರು ನಕ್ಕು ನಕ್ಕು ಪೆನ್ನು ಕೆಳಗ ಇಟ್ರು.

ದಿನಾ ಗುಳಿಗಿ, ಹೊತ್ತಿಗೆ ಸರಿ ನಿದ್ದಿ, ಆಗಾಗ ರಕ್ತದ ಪರೀಕ್ಷಾ. ಒಲಿ ಮುಂದ ಬೆವರು ಸುರಿಯೋ ಕೆಲಸ, ಅದಕ್ಕ ನೀರು ಭಾಳ ಕುಡೀಬೇಕು. ಶೆರೆ ಹನಿ ಸೈತ ಬ್ಯಾಡ. "ಇನ್ನೊಂದು ಮಾತು" ಅಂದ್ರು ಡಾಕ್ಟರು. "ಏರಾಕ ಹತ್ತಿತು ಅಂತ ಗೊತ್ತಾದ ದಿನಾನ ಬರ್ರಿ. ನಾಳೆ ಅನ್ನಬ್ಯಾಡ್ರಿ."

ಎರಡು ವರ್ಷ ಆತು. ನಡುವ ಒಂದು ಸಲ ಕಾಲು ಜಾರಿ ಕುಡದ. ಮರುದಿನ ತಾನ ಒಪ್ಪಿಕೊಂಡ, ಕಸ್ತೂರೆಮ್ಮನ ಕಡೆ ತಾಸುಗಟ್ಟಲೆ ಬೈಸಿಕೊಂಡ, ಮತ್ತ ಬಿಟ್ಟ. ಟಾವೆಲ್ ಕೊಡಾಕ ಬಂದವರಿಗೆ ಕಸ್ತೂರೆಮ್ಮ, "ಬಾಟ್ಲಿ ಕೊಡೋದಾದ್ರ ತುಪ್ಪದ್ದು ಕೊಡ್ರಿ, ನಿಮ್ಮ ಮರ್ಯಾದಿನೂ ಉಳೀತೈತಿ, ನಮ್ಮ ರೊಟ್ಟಿನೂ ಮೆತ್ತಗ ಆಕ್ಕಾವು" ಅಂತಿದ್ಲು. ಉಮಾಪತಿ ಮೆತ್ತಗ ಮಾತಾಡತಿದ್ದ, ಎಂಟು ತಾಸು ಮಲಗತಿದ್ದ, ಐನೂರು ಅಂದ್ರ ಐನೂರಕ್ಕ ಮಾಡತಿದ್ದ.

ಊರು ಏನಂತು ಗೊತ್ತೇನ್ರಿ? "ಉಮಾಪತಿಗೆ ಏನೋ ಆಗೇತಿ, ಮೊದಲಿನ ಕಳಾನ ಇಲ್ಲ" ಅಂತು! ಮನಷ್ಯಾ ನೆಟ್ಟಗ ಆದ ಕೂಡಲೇ ಜಡ್ಡು ಬಿದ್ದಾನ ಅಂತ ಕರಿಯೋದ ಬಿಟ್ರು. ಸಣ್ಣಪುಟ್ಟ ಕೆಲಸ ಅಷ್ಟ ಉಳದವು.

ಅಂಥಾದ್ರಾಗ ಬೇವೂರಿನ ಗುರುಬಸವ ಮಗಳು ಅಮೃತಾನ ಮದಿವಿಗೆ ಕರದ. ಈ ಒಂದು ಮದಿವಿ ಸುರಳೀತ ಆತಂದ್ರ ಆ ಕಡೆ ಹತ್ತು ಹಳ್ಳಿ ಮತ್ತ ಕರೀತಿದ್ವು. ಕೆಟ್ಟಿತಂದ್ರ ಉಮಾಪತಿ ಅನ್ನೋ ಹೆಸರು ಅಲ್ಲಿಗೆ ಮುಗೀತು. ಕಸ್ತೂರೆಮ್ಮ ತಿಂಗಳು ಮೊದಲ ಮೈ ತುಂಬ ಕಣ್ಣಾಗಿ ಕುಂತಿದ್ಲು. ಆದ್ರ ಆ ವಾರ ಸಾಲಾಗಿ ಎರಡು ಸಣ್ಣ ಕೆಲಸ ಬಂದು ಉಮಾಪತಿ ನಿದ್ದಿ ಕೆಟ್ಟಿತು.

ಮದಿವಿ ಹಿಂದಿನ ದಿನ ಮಧ್ಯಾಹ್ನ, ಚಪ್ಪರದಾಗ ಹೆಂಗಸರು ಗೋದಿ ಹಸನ ಮಾಡಕೋತ ಕುಂತಿದ್ರು. ಉಮಾಪತಿ ಒಂದು ಹಾಡು ಎತ್ತಿದ. ಹಾಡು ಮುಗಿಸಿ ಒಬ್ಬ ಮುದುಕಿಯ ನಡಿಗಿ ಅಣಕಿಸಿದ. ಚಪ್ಪರ ನಕ್ಕು ಉಳ್ಳಾಡಿತು. "ಗುರುಬಸವಣ್ಣಾರ, ಹುಗ್ಗಿ ಒಂದ ಸಾಕೇನ್ರಿ? ಮಾದಲಿ ಮಾಡೂಣು, ಹೋಳಿಗಿ ಮಾಡೂಣು, ನಿಮ್ಮ ಮಗಳ ಮದಿವಿ ಮೂರು ತಲಿಮಾರು ನೆನಸಬೇಕು!" ಅಂದ. ಗುರುಬಸವನ ಮಾರಿ ಅರಳಿತು. "ಹಳೇ ಉಮಾಪತಿ ಬಂದ್ನಪಾ!" ಅಂತ ಬೆನ್ನು ಚಪ್ಪರಿಸಿದ. ಮಂದಿ ಚಪ್ಪಾಳಿ ಹೊಡದ್ರು.

ಕಸ್ತೂರೆಮ್ಮ ಗಂಡನ ಮಾರಿ ದಿಟ್ಟಿಸಿದ್ಲು. ಆ ಕಣ್ಣಿನ ಹೊಳಪು ಆಕಿಗೆ ಗೊತ್ತಿಲ್ಲೇನು? ಬಾಯಿ ತಗದಳು, ಮುಚ್ಚಿದ್ಲು. ಈಗ ಹೇಳಿದ್ರ ಇಷ್ಟು ಮಂದಿ ಮುಂದ ಕೆಲಸ ಹೋತು, ಹೆಸರೂ ಹೋತು. ಇವತ್ತೊಂದು ದಿನ, ನಾಳೆ ಅಕ್ಕಿಕಾಳು ಬಿದ್ದು ಊಟ ಆಗೋತನಕ ಅಷ್ಟ. ಆಮ್ಯಾಲ ಕರಕೊಂಡು ಹೋದ್ರಾತು. ಹಂಗಂತ ತಲಿ ಬಗ್ಗಿಸಿ ಗೋದಿಯೊಳಗ ಹಳ್ಳು ಹುಡುಕಾಕ ಹತ್ತಿದ್ಲು. ಹಳ್ಳು ಒಂದೂ ಕಾಣಲಿಲ್ಲ, ಕಣ್ಣು ಮಂಜಾಗಿದ್ವು.

ಸ್ವಲ್ಪ ಹೊತ್ತಿಗೆ ಉಮಾಪತಿ ಬಂದು ಮುಂದ ಕುಕ್ಕರಗಾಲಿಲೆ ಕುಂತ. ಕೈಯಾಗ ಹುಟ್ಟು ಇತ್ತು.

"ಕಸ್ತೂರಿ, ನನಗ ಭಾಳ ಖುಷಿ ಆಗೇತಿ" ಅಂದ. "ದವಾಖಾನಿಗೆ ಕಳಸು."

ಹುಟ್ಟು ಆಕಿ ತೊಡಿ ಮ್ಯಾಲ ಇಟ್ಟ. ಬಿಟ್ಟು ಹೋಗಾಕ ಅವಗ ಎಳ್ಳಷ್ಟೂ ಮನಸ್ಸಿರಲಿಲ್ಲ. ಜೀವನದಾಗ ಇಷ್ಟು ಸುಖ ಯಾವ ಗುಳಿಗಿಯೊಳಗ ಐತ್ರೀ?

ಭಾಂಡೆ ಇಳಿಸಾಕ ಬಂದಿದ್ದ ದಾದೇಸಾಬ ಒಂದೂ ಮಾತು ಕೇಳದ ಗಾಡಿ ಚಾಲೂ ಮಾಡಿದ. ಗುರುಬಸವ ಓಡಿ ಬಂದ. "ಏನ್ ಬೇ ಯವ್ವಾ ಇದು? ನಗನಗತಾ ಇದ್ನಲ್ಲ, ಛಲೋ ಅದಾನಲ್ಲ!"

"ಅದಕ್ಕ ಕಳಸಾಕ ಹತ್ತೀನ್ರಿ" ಅಂದ್ಲು ಕಸ್ತೂರೆಮ್ಮ. "ನಿಮ್ಮ ಹುಗ್ಗಿ ನಾ ತಿರುವತೀನಿ. ಐನೂರು ಮಂದಿಗೆ. ಮಾದಲಿ ಇಲ್ಲ, ಹೋಳಿಗಿ ಇಲ್ಲ."

ಉಮಾಪತಿ ಕುಂತ ಗಾಡಿ ಬಾಗಲಾ ಹಿಡಕೊಂಡು ನಿಂತಾಗ ಮಾತ್ರ ಆಕಿ ಧ್ವನಿ ಸಣ್ಣದಾತು. "ನಾ ನಾಳಿತನಕ ಸುಮ್ಮನಿರಬೇಕು ಅಂತ ಮಾಡಿದ್ದೆ ನೋಡ್ರಿ. ನಿಮ್ಮನ್ನ ನೋಡಿನೂ ಸುಮ್ಮನಿದ್ದೆ."

"ಗೊತ್ತಾತು" ಅಂದ ಉಮಾಪತಿ. "ಇಪ್ಪತ್ತು ವರ್ಷದಾಗ ನಾ ಮಂದಿ ಮುಂದ ಕುಣಿದಾಗ ನೀ ಬೈಯದ ದಿನಾನ ಇಲ್ಲ. ಇವತ್ತ ಬೈಲಿಲ್ಲ. ಆವಾಗನ ತಿಳೀತು, ನನಗ ಏರೇತಿ, ನೀ ಅಂಜೀದಿ ಅಂತ."

ಕಸ್ತೂರೆಮ್ಮ ಮೂಗು ಒರಿಸಿಕೊಂಡ್ಲು. ಆಮ್ಯಾಲ ಬೈಯಾಕ ಹತ್ತಿದ್ಲು ನೋಡ್ರಿ: ಗುಳಿಗಿ ಡಬ್ಬಿ ಮರತದ್ದಕ್ಕ, ಹೊಲಸು ಅಂಗಿ ಹಾಕೊಂಡು ಡಾಕ್ಟರ ಮುಂದ ಹೊಂಟದ್ದಕ್ಕ, ಆಕಿನ್ನ ಹಿಂಗ ಅಳಸಿದ್ದಕ್ಕ. ಗಾಡಿ ಊರು ದಾಟೋತನಕ ಬೈದ್ಲು. ಉಮಾಪತಿ ಸೀಟಿಗೆ ತಲಿ ಆನಿಸಿ, ಕೇಳುವಷ್ಟು ದೂರ ಕೇಳಿಕೋತ ಹೋದ.