ಪೆಟ್ಟಾಗದ ಮೊಣಕಾಲು

ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ನನ್ನನ್ನು ಕಬಡ್ಡಿಯ ವೃತ್ತಿಪರ ತಂಡವೊಂದು ಆರಿಸಿಕೊಂಡಿತು. ಆಗ ನಮ್ಮ ಮನೆ ಪೀಣ್ಯದಲ್ಲಿ, ಕಾರ್ಖಾನೆಗಳ ಹಿಂದಿನ ಒಂದು ವಠಾರದಲ್ಲಿತ್ತು. ವಿಜಯಪುರದ ಕಡೆಯಿಂದ ಬಂದ ಅಪ್ಪ ಅಲ್ಲೇ ತಗಡು ಒತ್ತುವ ಮಷೀನಿನ ಮುಂದೆ ದುಡಿಯುತ್ತಿದ್ದ. ಜಾಲಹಳ್ಳಿ ಹತ್ತಿರದ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದ್ದೂ ಕಬಡ್ಡಿಯಿಂದಲೇ.

ತಂಡದ ಕ್ಯಾಂಪು ಬೇರೆ ರಾಜ್ಯದಲ್ಲಿ, ಅದೂ ಪರೀಕ್ಷೆಯ ಸಮಯಕ್ಕೇ ಬಿತ್ತು. ಏನು ಮಾಡಲಿ ಎಂದು ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿದೆ.

"ಪರೀಕ್ಷೆ ಯಾವತ್ತಾದ್ರೂ ಬರೀಬಹುದು ಕಣೋ. ಇಂಥದ್ದು ಇನ್ನೊಂದ್ಸಲ ಬರಲ್ಲ. ಹೋಗು" ಅಂದರು. ಅವರ ಕಣ್ಣು ತುಂಬಿತ್ತು. ಕಾಲೇಜಿನವರು ನನ್ನ ಫೋಟೋ ಹಾಕಿ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು. ಅವ್ವ ವಠಾರಕ್ಕೆಲ್ಲ ಹೋಳಿಗೆ ಹಂಚಿದಳು.

ಕ್ಯಾಂಪಿನ ಮೊದಲ ವಾರದಲ್ಲೇ ನನಗೆ ತಿಳಿದುಹೋಯಿತು. ನಾನು ವೇಗದವನು ಅಂದುಕೊಂಡಿದ್ದೆ. ನಮ್ಮ ಕಡೆಯ ಹುಡುಗರು ನನಗಿಂತ ನಿಧಾನವಾಗಿದ್ದರು, ಅಷ್ಟೆ. ಇಲ್ಲಿ ರೈಡಿಗೆ ಹೋದರೆ ಗೆರೆ ದಾಟಿ ಎರಡು ಹೆಜ್ಜೆ ಇಡುವುದರೊಳಗೆ ಯಾರಾದರೂ ಪಾದ ಹಿಡಿದಿರುತ್ತಿದ್ದರು. ಪಂದ್ಯಗಳು ಶುರುವಾದ ಮೇಲೆ ಜರ್ಸಿ ತೊಟ್ಟು ಬದಲಿ ಆಟಗಾರರ ಸಾಲಿನಲ್ಲಿ ಕೂತೆ. ಎದ್ದು ಮೈ ಬಿಸಿ ಮಾಡಿಕೊಳ್ಳುವುದು, ಮತ್ತೆ ಬಂದು ಕೂರುವುದು. ಕೊನೆಯ ಪಂದ್ಯದವರೆಗೂ ಯಾರೂ ನನ್ನನ್ನು ಅಂಕಣಕ್ಕೆ ಕರೆಯಲಿಲ್ಲ. ಮರುವರ್ಷಕ್ಕೆ ನನ್ನನ್ನು ಉಳಿಸಿಕೊಳ್ಳಲಿಲ್ಲ. ಕೋಚ್ ಒಳ್ಳೆಯ ಮನುಷ್ಯ. ಹೆಗಲ ಮೇಲೆ ಕೈಯಿಟ್ಟು, ನಿನ್ನ ತಪ್ಪೇನಿಲ್ಲ, ನಿನಗಿಂತ ಚೆನ್ನಾಗಿ ಆಡುವವರಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದರು.

ವಾಪಸು ಬಂದ ರಾತ್ರಿ ನಡೆದದ್ದನ್ನು ಅಪ್ಪನಿಗೆ ಮಾತ್ರ ಹೇಳಿದ್ದೆ. ಮರುದಿನ ಅವನ ಜೊತೆ ಹಾಲು ತರಲು ಹೋಗಿದ್ದೆ. ಅಂಗಡಿಯವನು ನನ್ನನ್ನು ನೋಡಿ, "ಏನ್ ಮಗಾ, ಟೀವೀಲಿ ಕಾಣಿಸ್ಲೇ ಇಲ್ಲ? ಯಾಕೆ ಬಂದ್ಬಿಟ್ಟೆ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ:

"ಮೊಣಕಾಲಿಗೆ ಪೆಟ್ಟ ಬಿದ್ದೈತ್ರಿ. ಇನ್ನ ಆಡಬ್ಯಾಡ ಅಂದಾರ ಡಾಕ್ಟರು."

ಅಂಗಡಿಯವನ ಮುಖ ಮೆತ್ತಗಾಯಿತು. "ಛೆ, ಪಾಪ. ಚಿಕ್ಕ ವಯಸ್ಸು" ಅಂದ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾಲ್ಕು ಹೆಜ್ಜೆ ನಡೆದ ಮೇಲೆ, ನನ್ನ ಮುಖ ನೋಡದೆ, "ಸ್ವಲ್ಪ ಕುಂಟಿ ನಡಿ" ಅಂದ.

"ಯಾವ ಕಾಲು?"

"ಬಲಗಾಲು."

ಕುಂಟಿದೆ. ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. "ನನಗ್ಯಾಕ ಹೇಳಲಿಲ್ಲೋ?" ಅಂದಳು. ಅವಳಿಗಾದರೂ ನಿಜ ಹೇಳುತ್ತಾನೆಂದು ಅಪ್ಪನ ಕಡೆ ನೋಡಿದೆ. ಅವನು ಹಾಲು ಕೆಳಗಿಟ್ಟು ಹೊರಗೆ ಹೋದ. ಆವತ್ತಿನಿಂದ ಅವ್ವ ಎಣ್ಣೆ ಬಿಸಿ ಮಾಡಿ, ಏನೂ ಆಗಿರದ ನನ್ನ ಬಲ ಮೊಣಕಾಲನ್ನು ತಿಕ್ಕತೊಡಗಿದಳು. ನೋವೈತೇನು ಎಂದು ಕೇಳುವಳು. ಈಗ ಕಡಿಮಿ ಆಗೇತವ್ವ ಎನ್ನುವೆ.

ಓದು ಮುಂದುವರಿಸೋಣವೆಂದು ಕುಂಟುತ್ತಲೇ ಕಾಲೇಜಿಗೆ ಹೋದೆ. ಹಾಜರಾತಿ ಇಲ್ಲದ್ದರಿಂದ ಎರಡನೇ ವರ್ಷಕ್ಕೆ ಹೊಸದಾಗಿ ಸೇರಬೇಕು, ಕ್ರೀಡಾ ಕೋಟಾದ ಸೀಟು ಬೇರೆಯವರಿಗೆ ಹೋಗಿದೆ ಎಂದರು ಆಫೀಸಿನಲ್ಲಿ. ಮೇಷ್ಟ್ರು ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡರು.

"ನೀನು ಆಡೋ ಹಾಗಿದ್ದಿದ್ರೆ ಪ್ರಿನ್ಸಿಪಾಲರ ಹತ್ರ ಮಾತಾಡಿ ಹೇಗಾದ್ರೂ ಸೇರಿಸ್ತಿದ್ದೆ. ಕಾಲು ಹೀಗಾಗಿದೆಯಲ್ಲಪ್ಪ, ಏನಂತ ಕೇಳ್ಲಿ?"

ಕಾಲಿಗೇನೂ ಆಗಿಲ್ಲ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರು ಕೇಳುತ್ತಿದ್ದರು, ಮತ್ಯಾಕೆ ತಂಡದಿಂದ ಬಿಟ್ಟರು ಅಂತ. ಬರ್ತೀನಿ ಸಾರ್ ಎಂದೆ. ಅವರು ನೋಡುತ್ತಿದ್ದರೆಂದು ಗೇಟಿನವರೆಗೂ ಕುಂಟಿದೆ.

ಈಗ ನಾನು ಜಿಗಣಿಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ಅಲ್ಲಿ ನನ್ನ ಗುರುತಿನವರಿಲ್ಲ, ನೆಟ್ಟಗೆ ನಡೆಯಬಹುದು ಎಂದೇ ಅಷ್ಟು ದೂರ ಕೆಲಸ ಹಿಡಿದು ರೂಮು ಮಾಡಿದ್ದು. ರಜೆಯಲ್ಲಿ ಮನೆಗೆ ಬಂದರೆ ಬಸ್ಸಿಳಿದಲ್ಲಿಂದಲೇ ಕುಂಟಬೇಕು. ಹೋದ ಸಲ ಬಂದಾಗ, ಅವ್ವ ನೀರಿಗೆ ಹೋದ ಹೊತ್ತಿನಲ್ಲಿ ಅಪ್ಪನಿಗೆ ಅಂದೆ, "ಸಾಕಪ್ಪ. ನಿಜ ಹೇಳಿಬಿಡೂಣು."

ಅಪ್ಪ ಬಾಗಿಲ ಕಡೆ ಒಮ್ಮೆ ನೋಡಿದ.

"ಏನಂತ ಹೇಳ್ತಿ? ಕಾಲು ಚಲೋನ ಐತಿ, ನನ್ನ ಮಗನೇ ಸಾಲಲಿಲ್ಲ ಅಂತನಾ?"

ಅವ್ವ ಕೊಡ ಹೊತ್ತು ಒಳಗೆ ಬಂದಳು. ಮೂವರೂ ಉಂಡೆವು.

ಜಿಗಣಿಯಲ್ಲಿ ಸಂಜೆ ಶಿಫ್ಟು ಮುಗಿದ ಮೇಲೆ ಹುಡುಗರು ಖಾಲಿ ಸೈಟಿನಲ್ಲಿ ಗೆರೆ ಎಳೆದು ಕಬಡ್ಡಿ ಆಡುತ್ತಾರೆ. "ಬಾ ಗುರು, ಒಬ್ರು ಕಮ್ಮಿ ಇದೀವಿ" ಎಂದು ಕರೆಯುತ್ತಾರೆ.

ನನಗೆ ಆಡೋಕೆ ಬರಲ್ಲ ಎಂದು ಹೇಳಿ ರೂಮಿಗೆ ಹೋಗುತ್ತೇನೆ.